ಬೆಂಕಿ ನೆಲದ ಓಟಗಾರ

ಕಲ್ಲಿನ ಸಂದಿಯಿಂದ ಗಿರ್ರ್ ಎಂಬ ಸದ್ದು ಬಂತು. ಸೊನೊರಾ ಮರುಭೂಮಿಯಲ್ಲಿ ಆ ಸದ್ದು ಕಿವಿಗೆ ಬಿದ್ದರೆ ಮನುಷ್ಯ ನಿಂತಲ್ಲೇ ನಿಲ್ಲುತ್ತಾನೆ, ಕುದುರೆ ಹಿಂಗಾಲ ಮೇಲೆ ಏಳುತ್ತದೆ. ಗಿಲಕಿ ಹಾವು ಬಾಲದ ತುದಿಯ ಒಣ ಉಂಗುರಗಳನ್ನು ಅಲುಗಿಸಿ ಕೊಡುವ ಕೊನೆಯ ಎಚ್ಚರಿಕೆ ಅದು. ಅಮೆರಿಕನ್ನರು ಅದನ್ನು ರಾಟಲ್‌ಸ್ನೇಕ್ ಎನ್ನುತ್ತಾರೆ. ಸದ್ದು ಕೇಳಿಯೂ ಮುಂದೆ ಬಂದವರಿಗೆ ಅದು ಎರಡನೇ ಅವಕಾಶ ಕೊಡುವುದಿಲ್ಲ.

ಎದುರಿಗಿದ್ದ ಹಕ್ಕಿ ಹಿಂದೆ ಸರಿಯಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಿತು.

ಮುನ್ನೂರು ಗ್ರಾಂ ಚಿಲ್ಲರೆ ತೂಕದ ಹಕ್ಕಿ. ಕೊಕ್ಕಿನಿಂದ ಬಾಲದ ತುದಿಯವರೆಗೆ ಅಳೆದರೆ ಎರಡು ಅಡಿ ತುಂಬದು, ಅದರಲ್ಲಿ ಅರ್ಧ ಬರೀ ಬಾಲ. ಕಂದು ಬಿಳಿ ಗೀರುಗಳ ಮೈ, ಒರಟು ಜುಟ್ಟು, ಕಣ್ಣಿನ ಹಿಂದೆ ಗರಿಯಿಲ್ಲದ ನೀಲಿ ಮತ್ತು ಕಿತ್ತಳೆ ಬಣ್ಣದ ಪಟ್ಟಿ. ಅದು ರೆಕ್ಕೆಯನ್ನು ಅರ್ಧ ಬಿಚ್ಚಿತು, ಜುಟ್ಟು ನಿಮಿರಿಸಿತು, ಬಾಲವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬೀಸಿತು. ಹಾವು ಚಿಮ್ಮಿತು. ಆ ಹೊಡೆತಕ್ಕೆ ಒಂದು ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಅಷ್ಟರಲ್ಲಿ ಹಕ್ಕಿ ನೆಟ್ಟಗೆ ಮೇಲಕ್ಕೆ ಹಾರಿ ನೆಗೆದಾಗಿತ್ತು. ವಿಷದ ಹಲ್ಲಿಗೆ ಸಿಕ್ಕಿದ್ದು ರೆಕ್ಕೆಯ ಗರಿ ಮಾತ್ರ. ಗರಿಯಲ್ಲಿ ರಕ್ತ ಹರಿಯುವುದಿಲ್ಲ, ವಿಷ ಏರಲು ದಾರಿಯೂ ಇಲ್ಲ.

ಮತ್ತೆ ಕೆಣಕಿತು. ಮತ್ತೆ ಹಾವು ಚಿಮ್ಮಿತು. ಮತ್ತೆ ತಪ್ಪಿತು. ಇಷ್ಟರಲ್ಲಿ ಪೊದೆಯಾಚೆಯಿಂದ ಇನ್ನೊಂದು ಹಕ್ಕಿ ಬಂದು ಸೇರಿತು. ಇದು ಅದರ ಜೋಡಿ. ಒಂದು ಹಾವಿನ ಮುಂದೆ ರೆಕ್ಕೆ ಬಡಿದು ಗಮನ ಸೆಳೆಯುತ್ತದೆ, ಇನ್ನೊಂದು ಪಕ್ಕದಲ್ಲಿ ಕಾಯುತ್ತದೆ. ಪ್ರತಿ ಹೊಡೆತಕ್ಕೂ ಹಾವಿನ ಕಸುವು ಇಳಿಯುತ್ತಿದೆ. ಸುರುಳಿ ಸಡಿಲವಾಯಿತು, ತಲೆ ಮೊದಲಿನಷ್ಟು ಬೇಗ ಹಿಂದಕ್ಕೆ ಹೋಗಲಿಲ್ಲ. ಅಷ್ಟೇ ಬೇಕಿತ್ತು. ಪಕ್ಕದಿಂದ ಕೊಕ್ಕು ಬಂದು ತಲೆಯ ಹಿಂಭಾಗವನ್ನೇ ಕಚ್ಚಿ ಹಿಡಿಯಿತು. ಆಮೇಲೆ ಒಂದೇ ಸಮನೆ ಬಡಿತ: ಹಾವನ್ನು ಎತ್ತಿ ಕಲ್ಲಿಗೆ ಅಪ್ಪಳಿಸುವುದು, ಬಿಡುವುದು, ಮತ್ತೆ ಎತ್ತಿ ಅಪ್ಪಳಿಸುವುದು. ತಲೆ ಜಜ್ಜಿಹೋಗಿ, ಮೈಯ ಎಲುಬುಗಳೆಲ್ಲ ಮುರಿದು ಹಾವು ಹಗ್ಗದಂತೆ ಜೋತುಬೀಳುವವರೆಗೂ ಹಕ್ಕಿ ನಿಲ್ಲಿಸುವುದಿಲ್ಲ.

ಆಮೇಲೆ ತಲೆಯ ಕಡೆಯಿಂದ ನುಂಗಲು ತೊಡಗಿತು. ತೋಳುದ್ದದ ಎಳೆಯ ಹಾವು. ಅಷ್ಟೂ ಹೊಟ್ಟೆಯಲ್ಲಿ ಒಮ್ಮೆಗೇ ಹಿಡಿಸಲಿಲ್ಲ. ಉಳಿದ ಬಾಲ ಕೊಕ್ಕಿನಿಂದ ಹೊರಗೆ ನೇತಾಡುತ್ತಿದ್ದಂತೆಯೇ ಹಕ್ಕಿ ಪೊದೆಯ ಕಡೆ ನಡೆಯಿತು. ಒಳಗಿನದು ಕರಗಿದಂತೆ ಹೊರಗಿನದು ಇಂಚಿಂಚಾಗಿ ಒಳಗೆ ಹೋಗುತ್ತದೆ. ಹೊಟ್ಟೆಗಿಳಿದ ವಿಷ ಬೇರೆ ಮಾಂಸದಂತೆ ಜೀರ್ಣವಾಗುತ್ತದೆ. ರಕ್ತಕ್ಕೆ ಸೇರಿದ್ದರೆ ಕಥೆ ಬೇರೆಯಾಗುತ್ತಿತ್ತು. ದೊಡ್ಡ ಗಿಲಕಿ ಹಾವಿನ ತಂಟೆಗೆ ಈ ಹಕ್ಕಿ ಸಾಮಾನ್ಯವಾಗಿ ಹೋಗುವುದಿಲ್ಲ. ಇದು ಹುಂಬ ಧೈರ್ಯದ ಪ್ರಾಣಿಯಲ್ಲ, ಲೆಕ್ಕ ಬಲ್ಲ ಪ್ರಾಣಿ.

ಇದೇ ರೋಡ್‌ರನ್ನರ್. ಅಮೆರಿಕದ ನೈಋತ್ಯ ಭಾಗ ಮತ್ತು ಉತ್ತರ ಮೆಕ್ಸಿಕೊದ ಒಣ ನೆಲದಲ್ಲಿ, ಸೊನೊರಾ, ಮೊಹಾವಿ, ಚಿವಾವಾ ಮರುಭೂಮಿಗಳಲ್ಲಿ ಇದರ ವಾಸ. ಮೆಕ್ಸಿಕೊದವರು ಕೊರ್ರೆಕಾಮಿನೊಸ್ ಎನ್ನುತ್ತಾರೆ, ಗಡಿಯ ಅಮೆರಿಕದ ಕಡೆಯ ಹಳಬರು ಪಯ್ಸಾನೊ ಎಂದೂ ಕರೆಯುತ್ತಾರೆ. ಕುಲ ಕೇಳಿದರೆ ನಮಗೆ ಅಚ್ಚರಿಯಾಗುತ್ತದೆ. ಇದು ಕೋಗಿಲೆಯ ಬಳಗದ ಹಕ್ಕಿ. ನಮ್ಮ ಬೇಲಿ ಪೊದೆಗಳಲ್ಲಿ ಗೂಪ್ ಗೂಪ್ ಎಂದು ಕೂಗುತ್ತಾ ನೆಲದ ಮೇಲೆ ಠೀವಿಯಿಂದ ನಡೆಯುವ ಕೆಂಬೂತವೂ ಇದೇ ಬಳಗದ್ದು. ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುವ ಕೋಗಿಲೆಯಂತಲ್ಲದೆ ಕೆಂಬೂತ ತನ್ನ ಗೂಡು ತಾನೇ ಕಟ್ಟುತ್ತದೆ, ಓತಿ, ಬಸವನಹುಳು, ಸಣ್ಣ ಹಾವುಗಳನ್ನು ಹಿಡಿಯುತ್ತದೆ. ರೋಡ್‌ರನ್ನರ್ ಅದೇ ಬಾಳನ್ನು ಭೂಮಿಯ ಅತಿ ಕಠಿಣ ನೆಲವೊಂದಕ್ಕೆ ಒಯ್ದಿತು.

ಆ ನೆಲವೂ ನಮಗೆ ಪೂರ್ತಿ ಅಪರಿಚಿತವಲ್ಲ. ರಾಯಚೂರು, ಬಳ್ಳಾರಿಗಳ ಬಯಲನ್ನು ತುಂಬಿಕೊಂಡಿರುವ ಬಳ್ಳಾರಿ ಜಾಲಿಯೂ ಸೊನೊರಾದ ಮೆಸ್ಕೀಟ್ ಮರವೂ ಹತ್ತಿರದ ಸಂಬಂಧಿಗಳು. ಪಾಪಸುಕಳ್ಳಿಯ ತವರೂ ಅಮೆರಿಕ ಖಂಡಗಳೇ. ಅಂಥ ಕಳ್ಳಿ ಜಾಲಿಗಳ ನಡುವೆ ಮೂರಾಳೆತ್ತರಕ್ಕೂ ಮೀರಿ ನಿಂತ ಸಗ್ವಾರೊ ಕಳ್ಳಿಗಂಬಗಳನ್ನು ಊಹಿಸಿಕೊಳ್ಳಿ. ಬೇಸಿಗೆಯಲ್ಲಿ ಗಾಳಿಯ ಬಿಸಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಮರಳಿನ ಮೇಲ್ಮೈ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಅದೇ ಮರಳು ರಾತ್ರಿಯಾದರೆ ಬೇಗನೆ ಆರುತ್ತದೆ. ಚಳಿಗಾಲದ ಬೆಳಗುಗಳಲ್ಲಿ ಮಂಜು ಹೆಪ್ಪುಗಟ್ಟುವುದೂ ಉಂಟು. ನೀರು ಕಣ್ಣಿಗೆ ಬೀಳದೆ ದಿನಗಳು ಕಳೆಯುತ್ತವೆ.

ಲೋಕಕ್ಕೆಲ್ಲ ಗೊತ್ತಿರುವುದು ಇದರ ಓಟ. ಅದು ನಿಜವೂ ಹೌದು. ಗಂಟೆಗೆ 30 ಕಿಲೋಮೀಟರ್ ಮೀರಿದ ವೇಗದಲ್ಲಿ ಓಡಬಲ್ಲದು. ತಲೆ ಮತ್ತು ಬಾಲ ನೆಲಕ್ಕೆ ಸಮನಾಗಿ ಚಾಚಿ, ಮೈಯನ್ನು ಈಟಿಯಂತೆ ನೀಳವಾಗಿಸಿ ನುಗ್ಗುತ್ತದೆ. ತಿರುಗಬೇಕಾದಾಗ ಬಾಲವೇ ಚುಕ್ಕಾಣಿ, ನಿಲ್ಲಬೇಕಾದಾಗ ಬಾಲವೇ ಬ್ರೇಕು. ರೆಕ್ಕೆಯಿದ್ದೂ ಹಾರಾಟದಲ್ಲಿ ಹಿಂದೆ. ಬಂಡೆಯ ಮೇಲಿಂದಲೋ ಮರದಿಂದಲೋ ಕೆಲವು ಸೆಕೆಂಡು ತೇಲಿ ಇಳಿಯುವುದೇ ಹೆಚ್ಚು. ಆದರೆ ಓಟವೇ ಇದನ್ನು ಉಳಿಸಿದೆ ಎಂದರೆ ನಾನು ಒಪ್ಪುವುದಿಲ್ಲ. ಈ ಹಕ್ಕಿಯ ಶತ್ರು ಕಯೋಟಿ ತೋಳ ಇದಕ್ಕಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಬಯಲಿನಲ್ಲಿ ನೇರ ಓಟಕ್ಕೆ ಬಿದ್ದರೆ ಹಕ್ಕಿ ಸೋತಂತೆಯೇ. ಉಳಿಸುವುದು ಬೇರೆ, ಅದು ಕಣ್ಣಿಗೆ ಬೇಗ ಬೀಳುವಂಥದ್ದಲ್ಲ. ಹಾವಿನ ಕಾಳಗದ ಆ ದಿನ ಮುಂದೆ ಹೇಗೆ ಸಾಗುತ್ತದೆ ನೋಡಿ.

ಹಾವು ನುಂಗಿದ್ದು ಗಂಡು. ಹೆಣ್ಣು ಅಷ್ಟರಲ್ಲಿ ಓತಿಯೊಂದನ್ನು ಕೊಕ್ಕಿನಲ್ಲಿ ಅಡ್ಡ ಹಿಡಿದು ಚೋಯಾ ಕಳ್ಳಿಯ ಬುಡಕ್ಕೆ ಬಂದಿದೆ. ಚೋಯಾದ ಮುಳ್ಳು ಸ್ವಲ್ಪ ಸೋಕಿದರೂ ಚರ್ಮಕ್ಕೆ ನಾಟಿಕೊಳ್ಳುತ್ತದೆ, ಎಳೆದರೆ ಕಳ್ಳಿಯ ತುಂಡೇ ಮುರಿದು ಕೈಗೆ ಅಂಟಿಕೊಂಡು ಬರುತ್ತದೆ. ಅಂಥ ಮುಳ್ಳಿನ ಕೋಟೆಯ ಒಳಗೆ, ಆಳೆದೆಯ ಎತ್ತರದಲ್ಲಿ, ಮುಳ್ಳುಕಡ್ಡಿ ಹೆಣೆದು ಕಟ್ಟಿದ ಗೂಡು. ಕಡ್ಡಿ ತಂದುಕೊಟ್ಟಿದ್ದು ಹೆಚ್ಚಾಗಿ ಗಂಡು, ಜೋಡಿಸಿ ಕೂರಿಸಿದ್ದು ಹೆಣ್ಣು. ಒಳಗೆ ಹಾಸಿರುವುದು ಹುಲ್ಲು, ಗರಿ, ಹಾವಿನ ಪೊರೆ, ಒಣಗಿದ ಸಗಣಿಯ ಚೂರು.

ಗೂಡಿನಲ್ಲಿ ನಾಲ್ಕು ಮರಿ. ಕಪ್ಪು ಚರ್ಮ, ಅದರ ಮೇಲೆ ಕೂದಲಿನಂಥ ಬಿಳಿ ತುಪ್ಪಳ. ನಾಲ್ಕರದೂ ಗಾತ್ರ ಬೇರೆ ಬೇರೆ. ಎಲ್ಲ ಮೊಟ್ಟೆಗಳನ್ನು ಇಟ್ಟು ಮುಗಿಯುವ ಮೊದಲೇ ಕಾವು ಶುರುವಾಗಿಬಿಡುತ್ತದೆ, ಆದ್ದರಿಂದ ಮೊದಲನೆಯದು ಒಡೆದು ದಿನಗಳಾದ ಮೇಲೆ ಕೊನೆಯದು ಒಡೆಯುತ್ತದೆ. ಹಿರಿಯ ಮರಿ ಓತಿಯನ್ನು ಇಡಿಯಾಗಿ ನುಂಗುವಷ್ಟು ಬೆಳೆದಿದ್ದರೆ ಕಿರಿಯದಕ್ಕೆ ಕತ್ತು ಎತ್ತಲೂ ಕಷ್ಟ. ಊಟ ಸಮೃದ್ಧವಾಗಿದ್ದರೆ ನಾಲ್ಕೂ ಬದುಕುತ್ತವೆ. ಬೇಟೆ ಸಿಗದ ವರ್ಷ ಕಿರಿಯದು ಸೊರಗುತ್ತದೆ, ಸತ್ತರೆ ಅಪ್ಪ ಅಮ್ಮಂದಿರು ಅದನ್ನು ತಾವೇ ತಿನ್ನುವುದೂ ಉಂಟು, ಉಳಿದ ಮರಿಗಳಿಗೆ ಉಣಿಸುವುದೂ ಉಂಟು. ಓದಲು ಸಂಕಟವಾಗುತ್ತದೆ, ಬರೆಯಲೂ ಸಂಕಟವೇ. ಆದರೆ ತೊಟ್ಟು ನೀರೂ ತುತ್ತು ಮಾಂಸವೂ ಅಮೂಲ್ಯವಾದ ನೆಲದಲ್ಲಿ ಆ ಹಕ್ಕಿಗಳ ಮುಂದೆ ಇರುವ ಆಯ್ಕೆ ಎರಡೇ: ಮೂರನ್ನು ಉಳಿಸಿಕೊಳ್ಳುವುದು, ಇಲ್ಲವೇ ನಾಲ್ಕನ್ನೂ ಕಳೆದುಕೊಳ್ಳುವುದು.

ಹೆಣ್ಣು ಓತಿಯನ್ನು ಹಿರಿಯ ಮರಿಯ ಬಾಯಿಗಿಟ್ಟಿತು, ಆದರೆ ತಕ್ಷಣ ಬಿಡಲಿಲ್ಲ. ಕೊಕ್ಕಿಗೆ ಕೊಕ್ಕು ತಾಗಿಸಿ ಒಂದಷ್ಟು ಹೊತ್ತು ಹಾಗೇ ನಿಂತಿತು. ತಿಳಿಯಾದ ದ್ರವವೊಂದು ಅದರ ಗಂಟಲಿನಿಂದ ಕೊಕ್ಕಿನ ಗುಂಟ ಇಳಿದು ಮರಿಯ ಬಾಯಿ ಸೇರಿತು. ಊಟದ ಜೊತೆ ನೀರನ್ನೂ ತಾಯಿ ಹೊತ್ತು ತರುತ್ತಾಳೆ. ಆ ನೀರು ಬಂದದ್ದು ಹೆಚ್ಚಾಗಿ ಬೇಟೆಯ ಮೈಯಿಂದಲೇ. ಓತಿ, ಇಲಿ, ಹಾವು, ಮಿಡತೆ ಎಲ್ಲದರ ರಕ್ತ ಮಾಂಸಗಳಲ್ಲಿ ಇರುವ ತೇವವೇ ಈ ಹಕ್ಕಿಗೆ ಕೆರೆ, ಬಾವಿ. ಕಣ್ಣಿನ ಮುಂದಿರುವ ಗ್ರಂಥಿಯೊಂದು ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಹಿಂಡಿ ಮೂಗಿನ ಹೊಳ್ಳೆಯ ಮೂಲಕ ಹೊರಗೆ ಹಾಕುತ್ತದೆ. ಮೂತ್ರಪಿಂಡವೊಂದೇ ಆ ಕೆಲಸ ಮಾಡಿದ್ದರೆ ಎಷ್ಟೋ ನೀರು ಅದಕ್ಕೇ ಖರ್ಚಾಗುತ್ತಿತ್ತು. ಕಡಲ ಹಕ್ಕಿಗಳಲ್ಲಿ ಸಾಮಾನ್ಯವಾದ ಈ ಉಪಾಯ ಮರುಭೂಮಿಯ ಕೋಗಿಲೆ ಬಳಗದ ಹಕ್ಕಿಯಲ್ಲಿದೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ನಡುಹಗಲು. ಹಾವು ಬಿಲ ಸೇರಿದೆ, ಓತಿ ಕಲ್ಲಿನಡಿ ಸೇರಿದೆ, ಆಕಾಶದಲ್ಲಿ ಹದ್ದೂ ಇಲ್ಲ. ರೋಡ್‌ರನ್ನರ್ ಈಗ ಓಡುವುದಿಲ್ಲ. ವಿಲಿಯಂ ಕ್ಯಾಲ್ಡರ್ ಎಂಬ ವಿಜ್ಞಾನಿ 1968ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬಿಸಿಲು ಏರಿದಾಗ ಇದು ತನ್ನ ಚಟುವಟಿಕೆಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮೆಸ್ಕೀಟ್ ನೆರಳಿನಲ್ಲಿ ಬಾಯಿ ತೆರೆದು ಗಂಟಲಿನ ಚರ್ಮವನ್ನು ಪಟಪಟ ಅದುರಿಸುತ್ತಾ ನಿಲ್ಲುತ್ತದೆ. ಆ ಅದುರಾಟಕ್ಕೆ ಗಂಟಲಿನ ತೇವ ಆವಿಯಾಗಿ ಮೈ ತಂಪಾಗುತ್ತದೆ. ಗೂಡಿನಲ್ಲಿದ್ದ ಹಕ್ಕಿ ಮರಿಗಳಿಗೆ ನೆರಳಾಗಿ ನಿಂತಿದೆ, ತನ್ನ ಬೆನ್ನು ಸುಡುತ್ತಿದ್ದರೂ ಕದಲುತ್ತಿಲ್ಲ.

ಬಿಸಿಲು ಇಳಿಮುಖವಾದಾಗ ಅಪಾಯ ಬಂತು. ಕೋಚ್‌ವಿಪ್ ಎಂಬ ತೆಳ್ಳನೆಯ ಉದ್ದ ಹಾವು, ವಿಷವಿಲ್ಲದ್ದು, ಆದರೆ ಬಲು ಚುರುಕು. ಮರ ಪೊದೆಗಳನ್ನು ಏರಿ ಮೊಟ್ಟೆ ಮರಿ ತಿನ್ನುವುದರಲ್ಲಿ ಪಳಗಿದ್ದು. ಚೋಯಾದ ಮುಳ್ಳುಗಳ ನಡುವೆ ಅದು ಜಾರಿಕೊಂಡು ಮೇಲೆ ಬರುತ್ತಿದೆ. ಬೆಳಗ್ಗೆ ಹಾವಿಗೆ ಯಮನಾಗಿದ್ದ ಹಕ್ಕಿಗೆ ಈಗ ಹಾವೇ ಯಮ. ಕೊಕ್ಕಿನ ಮೇಲ್ದವಡೆ ಕೆಳದವಡೆಗಳನ್ನು ಬಡಿದು ಕಟಕಟ ಸದ್ದು ಮಾಡುತ್ತಾ ಗಂಡು ಓಡಿ ಬಂತು. ಹಾವಿನ ಬಾಲದ ಕಡೆಗೆ ಒಂದು ಕುಕ್ಕು, ನಡುವಿಗೆ ಇನ್ನೊಂದು. ಹಾವು ತಿರುಗಿತು, ಹಕ್ಕಿ ತಪ್ಪಿಸಿಕೊಂಡಿತು, ಮುಳ್ಳು ಇಬ್ಬರಿಗೂ ಚುಚ್ಚಿತು. ಕೊನೆಗೆ ಹಾವು ಹಿಡಿತ ತಪ್ಪಿ ಮರಳಿಗೆ ಬಿದ್ದು ಬಿಲದ ಕಡೆ ಹರಿಯಿತು. ಇಂಥ ದಾಳಿಗಳೆಲ್ಲ ಹೀಗೆಯೇ ಮುಗಿಯುವುದಿಲ್ಲ, ಬರಿದಾದ ಗೂಡುಗಳೂ ಎಷ್ಟೋ.

ಉಸಿರು ಬಿಡುವಷ್ಟರಲ್ಲಿ ಕಯೋಟಿ. ಗದ್ದಲ ಕೇಳಿಯೋ ವಾಸನೆ ಹಿಡಿದೋ ಬಂದಿರಬೇಕು. ಗಂಡು ಗೂಡಿನಿಂದ ಸದ್ದಿಲ್ಲದೆ ದೂರ ಸರಿದು ಕಯೋಟಿಯ ಕಣ್ಣೆದುರಿಗೇ ಬಂದು ನಿಂತಿತು. ಜುಟ್ಟು ಎತ್ತಿ ಇಳಿಸಿತು, ಬಾಲ ಬಿಚ್ಚಿ ಮುಚ್ಚಿತು, ಪೆಟ್ಟು ಬಿದ್ದ ಹಕ್ಕಿಯಂತೆ ತಡವರಿಸಿತು. ಕಯೋಟಿ ಬೆನ್ನು ಹತ್ತಿತು. ಹಕ್ಕಿ ಈಗ ಓಡಿದ್ದೇ ಓಡಿದ್ದು. ಅಂತರ ಹತ್ತು ಮಾರು, ಐದು ಮಾರು, ಎರಡು ಮಾರು! ಬಾಲ ಒಮ್ಮೆಲೆ ನೆಟ್ಟಗೆ ಎದ್ದಿತು. ಹಕ್ಕಿ ನಿಂತಲ್ಲೇ ತಿರುಗಿ ಪಕ್ಕದ ಕಳ್ಳಿಮೆಳೆಗೆ ನುಗ್ಗಿತು, ವೇಗ ತಡೆಯಲಾರದ ಕಯೋಟಿ ಮರಳು ಎರಚುತ್ತಾ ಮುಂದೆ ಹೋಗಿ ನಿಂತಿತು. ಹಿಂದಿರುಗಿ ಬಂದು ಮೂಗು ಚಾಚಿದರೆ ಸಿಕ್ಕಿದ್ದು ಮುಳ್ಳು. ಓಟದ ಬೆಲೆ ಅಷ್ಟರಮಟ್ಟಿಗೆ, ಮುಳ್ಳಿನ ಮೆಳೆ ಮುಟ್ಟುವವರೆಗೆ. ಮೆಳೆ ಇಲ್ಲದ ಕಡೆ ಈ ಹಕ್ಕಿಗೆ ಕಾಲಿದ್ದೂ ಉಪಯೋಗವಿಲ್ಲ.

ಮರಳಿನಲ್ಲಿ ಹೆಜ್ಜೆ ಗುರುತು ಉಳಿದಿದೆ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ. ಗುಣಾಕಾರದ ಚಿಹ್ನೆಯಂಥ ಆ ಗುರುತು ನೋಡಿ ಹಕ್ಕಿ ಬಂದದ್ದೋ ಹೋದದ್ದೋ ಹೇಳಲಾಗದು. ಅಲ್ಲಿನ ಮೂಲನಿವಾಸಿಗಳಾದ ಹೋಪಿ ಮತ್ತು ಇತರ ಪ್ಯೂಬ್ಲೊ ಜನರು ಈ ಹೆಜ್ಜೆಯನ್ನು ರಕ್ಷೆಯ ಗುರುತಾಗಿ ಬಳಸಿದರು. ಬೆನ್ನು ಹತ್ತಿದ ದುಷ್ಟಶಕ್ತಿಗೆ ದಿಕ್ಕು ತಪ್ಪಲಿ ಎಂಬ ನಂಬಿಕೆ ಅವರದು.

ಇನ್ನು ರಾತ್ರಿ. ನನ್ನ ಲೆಕ್ಕದಲ್ಲಿ ಈ ಹಕ್ಕಿಯ ನಿಜವಾದ ಸಾಹಸ ಇರುವುದು ಇಲ್ಲಿ, ಯಾರೂ ನೋಡದ ಕತ್ತಲಲ್ಲಿ.

ಚಳಿಯ ರಾತ್ರಿ ಮೈ ಬೆಚ್ಚಗಿಡಲು ಹಕ್ಕಿ ತನ್ನೊಳಗಿನ ಕೊಬ್ಬು ಉರಿಸಬೇಕು. ಉರಿಸಿದ್ದನ್ನು ಮರುದಿನ ಬೇಟೆಯಾಡಿ ತುಂಬಿಕೊಳ್ಳಬೇಕು. ರೋಡ್‌ರನ್ನರ್ ಆ ಒಲೆಯನ್ನೇ ಸಣ್ಣಗೆ ಮಾಡುತ್ತದೆ. ಹಗಲು 40 ಡಿಗ್ರಿಯ ಆಸುಪಾಸಿನಲ್ಲಿರುವ ಅದರ ಮೈಬಿಸಿ ರಾತ್ರಿ ಹಲವು ಡಿಗ್ರಿ ಕೆಳಗಿಳಿಯುತ್ತದೆ, 34ರ ಹತ್ತಿರಕ್ಕೂ ಹೋಗುತ್ತದೆ. ಮರಗಟ್ಟಿದಂತೆ ಕೂತಿರುತ್ತದೆ, ಶಕ್ತಿ ಉಳಿಯುತ್ತದೆ. ಬೆಳಗ್ಗೆ ಸೂರ್ಯ ಮೂಡಿದೊಡನೆ ಬಯಲಿಗೆ ಬಂದು ಬೆನ್ನನ್ನು ಸೂರ್ಯನ ಕಡೆಗಿಟ್ಟು, ರೆಕ್ಕೆ ಇಳಿಬಿಟ್ಟು, ಬೆನ್ನಿನ ಗರಿಗಳನ್ನು ನಿಮಿರಿಸಿ ಬೇರ್ಪಡಿಸುತ್ತದೆ. ಅಡಿಯಲ್ಲಿ ಕಾಣುವುದು ಕಪ್ಪು ಚರ್ಮ, ಕಪ್ಪು ತುಪ್ಪಳ. ಅದು ಬಿಸಿಲನ್ನು ಹೀರಿ ಮೈಗೆ ತುಂಬಿಸುತ್ತದೆ. ತನ್ನ ಕೊಬ್ಬು ಸುಡುವ ಬದಲು ಸೂರ್ಯನ ಬೆಂಕಿಯಲ್ಲಿ ಮೈ ಕಾಯಿಸಿಕೊಳ್ಳುವ ಈ ವಿದ್ಯೆಯನ್ನು ರಾಬರ್ಟ್ ಓಮಾರ್ಟ್ ಮತ್ತು ರಾಬರ್ಟ್ ಲಾಸಿಯೆವ್‌ಸ್ಕಿ 1971ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಲೋಕಕ್ಕೆ ತಿಳಿಸಿದರು.

ಹಾಗಾದರೆ ಗೂಡಿನಲ್ಲಿ ಮೊಟ್ಟೆಯಿದ್ದಾಗ? ಕಾವು ಕೂತ ಹಕ್ಕಿ ತಣ್ಣಗಾದರೆ ಮೊಟ್ಟೆಯೂ ತಣ್ಣಗಾಗುತ್ತದೆ. ಇಲ್ಲಿ ಜೋಡಿಯಲ್ಲೊಂದು ಒಪ್ಪಂದ ಇದೆ. ಹಗಲು ಇಬ್ಬರೂ ಸರದಿಯಲ್ಲಿ ಕಾವು ಕೂರುತ್ತಾರೆ. ಇರುಳಿನ ಕಾವು ಗಂಡಿನದು. ಹೆಣ್ಣು ಬೇರೆ ಪೊದೆಯಲ್ಲಿ ಒಲೆ ತಗ್ಗಿಸಿ ಮಲಗುತ್ತದೆ. ಗಂಡು ಮಾತ್ರ ತನ್ನ ಬೆಂಕಿಯನ್ನು ಇಡೀ ರಾತ್ರಿ ಹಗಲಿನಷ್ಟೇ ಜೋರಾಗಿ ಉರಿಸುತ್ತಾ, ದಿನವಿಡೀ ಓಡಿ ಗಳಿಸಿದ್ದನ್ನು ಕರಗಿಸಿಕೊಳ್ಳುತ್ತಾ ಕೂರುತ್ತದೆ. ಸುಮಾರು 20 ದಿನ ಈ ಕಾವಲು. ಸಾಂಡ್ರಾ ವೆಹ್ರೆನ್‌ಕ್ಯಾಂಪ್ 1982ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾವು ಕೂತ ಮತ್ತು ಕೂರದ ಹಕ್ಕಿಗಳ ಮೈಬಿಸಿ ಅಳೆದು ಇದನ್ನು ತೋರಿಸಿದರು. ಮೊಟ್ಟೆಗಳಿಗೆಂದು ದೇಹಶಕ್ತಿ ವ್ಯಯಿಸಿದ ಹೆಣ್ಣಿಗೆ ರಾತ್ರಿಯ ವಿರಾಮ, ಗಂಡಿಗೆ ರಾತ್ರಿಯ ದುಡಿಮೆ. ಗಿಲಕಿ ಹಾವಿನ ಕಾಳಗಕ್ಕೆ ಸಿಕ್ಕ ಪ್ರಚಾರದಲ್ಲಿ ಕಾಲುಭಾಗವೂ ಈ ನಿದ್ದೆಗೆಟ್ಟ ಅಪ್ಪನಿಗೆ ಸಿಕ್ಕಿಲ್ಲ.

ಮರಿಗಳು ಮೂರು ವಾರದ ಆಸುಪಾಸಿನಲ್ಲಿ ಗೂಡು ಬಿಟ್ಟು ನೆಲಕ್ಕಿಳಿಯುತ್ತವೆ. ಮುಂದೆ ಒಂದು ತಿಂಗಳಿಗೂ ಹೆಚ್ಚು ಕಾಲ ತಂದೆ ತಾಯಿಯ ಹಿಂದೆ ಅಲೆದು ಉಣ್ಣುವುದನ್ನೂ ಹೊಡೆಯುವುದನ್ನೂ ಕಲಿಯುತ್ತವೆ. ಚೇಳು, ಜರಿ, ಟರಾಂಟುಲಾ ಜೇಡ ಎಲ್ಲವೂ ಆಹಾರ. ಟರಾಂಟುಲಾ ಹಾಕ್ ಎಂಬ ದೊಡ್ಡ ಕಣಜವೊಂದಿದೆ. ಕೀಟಗಳ ಕುಟುಕುಗಳಿಗೆ ನೋವಿನ ಶ್ರೇಣಿ ಕಟ್ಟಿದ ಜಸ್ಟಿನ್ ಶ್ಮಿಟ್ ಅದರ ಕುಟುಕನ್ನು ಅತಿ ಮೇಲಿನ ಮೆಟ್ಟಿಲಲ್ಲಿಟ್ಟರು. ಹೆಚ್ಚಿನ ಪ್ರಾಣಿಗಳು ಅದರ ಹತ್ತಿರ ಸುಳಿಯುವುದಿಲ್ಲ. ರೋಡ್‌ರನ್ನರ್ ಅದನ್ನೂ ಹಿಡಿದು ತಿನ್ನುತ್ತದೆ. ಆ ಕಣಜ ನ್ಯೂ ಮೆಕ್ಸಿಕೊದ ರಾಜ್ಯಕೀಟ, ರೋಡ್‌ರನ್ನರ್ ಅದೇ ರಾಜ್ಯದ ರಾಜ್ಯಪಕ್ಷಿ.

ರಾಜ್ಯಪಕ್ಷಿಯ ಪಟ್ಟ ಸಿಕ್ಕಿದ್ದು 1949ರಲ್ಲಿ. ಅದೇ ವರ್ಷ ನಿರ್ದೇಶಕ ಚಕ್ ಜೋನ್ಸ್ ಮತ್ತು ಕಥೆಗಾರ ಮೈಕೆಲ್ ಮಾಲ್ಟೀಸ್ ಸೇರಿ ವಾರ್ನರ್ ಬ್ರದರ್ಸ್‌ಗಾಗಿ ಮೊದಲ ರೋಡ್‌ರನ್ನರ್ ಕಾರ್ಟೂನು ತಂದರು. ನಮ್ಮ ಟೀವಿಗಳಲ್ಲೂ ಮಕ್ಕಳು ಬೀಪ್ ಬೀಪ್ ಎನ್ನುತ್ತಾ ನೋಡಿದ ಆ ಹಕ್ಕಿಗೂ ಈ ಹಕ್ಕಿಗೂ ಹೆಸರಿನ ನಂಟಷ್ಟೇ. ನಿಜವಾದ ಹಕ್ಕಿಯ ಗಂಡು ಬೆಳಗಿನಲ್ಲಿ ಕೂ ಕೂ ಎಂದು ಸ್ವರ ಇಳಿಸುತ್ತಾ, ದುಃಖಿಸಿದಂತೆ ಕೂಗುತ್ತದೆ. ಕೋಗಿಲೆ ಬಳಗದ್ದೆಂಬುದು ಆಗ ತಿಳಿಯುತ್ತದೆ.

ಆದರೆ ಅದಕ್ಕೂ ಮೊದಲು ಜನ ಇದನ್ನು ಗುಂಡಿಟ್ಟು ಕೊಂದರು. ಬೇಟೆಗಾರರಿಗೆ ಪ್ರಿಯವಾದ ಕ್ವೇಲ್ ಹಕ್ಕಿಯ ಮೊಟ್ಟೆ ಮರಿಗಳನ್ನು ಇದು ತಿಂದು ಮುಗಿಸುತ್ತಿದೆ ಎಂಬ ಆರೋಪ. ಕ್ಯಾಲಿಫೋರ್ನಿಯಾದ ಹೆರಾಲ್ಡ್ ಬ್ರಯಂಟ್ ಹಲವು ಹಕ್ಕಿಗಳ ಹೊಟ್ಟೆ ಬಿಡಿಸಿ ಒಳಗಿದ್ದುದನ್ನು ಪರೀಕ್ಷಿಸಿ 1916ರಲ್ಲಿ ವರದಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಪಾಲು ಪ್ರಾಣಿ ಆಹಾರ, ಅದರಲ್ಲೂ ಹೆಚ್ಚಿನದು ಮಿಡತೆಯಂಥ ಕೀಟಗಳು. ಹಕ್ಕಿಮರಿಗಳ ಪಾಲು ತೀರಾ ಅಲ್ಪ. ವರದಿ ಬಂದ ಮೇಲೂ ಗುಂಡಿನ ಸದ್ದು ತಕ್ಷಣ ನಿಲ್ಲಲಿಲ್ಲ. ಇಂದು ಅಮೆರಿಕದ ವಲಸೆ ಹಕ್ಕಿಗಳ ಕಾಯ್ದೆ ಇದಕ್ಕೂ ರಕ್ಷಣೆ ಕೊಡುತ್ತದೆ.

ಇಷ್ಟೆಲ್ಲ ಗೆದ್ದ ಹಕ್ಕಿಗೆ ಈಗಿನ ಸವಾಲು ಬೇರೆ ರೀತಿಯದು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬಡಾವಣೆಗಳು ಪೊದೆಗಾಡನ್ನು ತುಂಡು ತುಂಡು ಮಾಡಿದಂತೆ ಅಲ್ಲಿ ಇದು ಅಪರೂಪವಾಗುತ್ತಿದೆ. ರಸ್ತೆಯಲ್ಲಿ ವಾಹನ, ಹಿತ್ತಲಲ್ಲಿ ಸಾಕಿದ ಬೆಕ್ಕು, ಕೀಟನಾಶಕದಿಂದ ಬರಿದಾದ ನೆಲ. ತಣ್ಣಗಾಗಿ ಬದುಕುವುದನ್ನೂ ಉಪ್ಪು ಹಿಂಡುವುದನ್ನೂ ಕಲಿತ ಮೈಗೆ ಇವುಗಳ ವಿರುದ್ಧ ಯಾವ ಉಪಾಯವೂ ಇಲ್ಲ.

ಫೀನಿಕ್ಸ್, ಟೂಸಾನ್, ಡಲ್ಲಾಸ್ ಕಡೆ ನೆಲೆಸಿರುವ ಕನ್ನಡಿಗರೇ, ನಿಮ್ಮ ಹಿತ್ತಲಿನ ಅಂಚಿನಲ್ಲಿ ಒಂದು ಮೆಸ್ಕೀಟ್ ಪೊದೆಯೋ ಕಳ್ಳಿಮೆಳೆಯೋ ಇದ್ದರೆ ಹುಲ್ಲುಹಾಸಿನ ಆಸೆಗೆ ಅದನ್ನು ಕಡಿಸಬೇಡಿ. ಬೆಕ್ಕನ್ನು ಮನೆಯೊಳಗಿಡಿ, ಕೀಟನಾಶಕ ಸಿಂಪಡಿಸಬೇಡಿ. ಊರಾಚೆಯ ರಸ್ತೆಯಲ್ಲಿ ಕಾರು ಸ್ವಲ್ಪ ನಿಧಾನ ಓಡಿಸಿ. ಅಡ್ಡ ಬಂದ ಹಕ್ಕಿಯ ಕೊಕ್ಕಿನಲ್ಲಿ ಓತಿ ನೇತಾಡುತ್ತಿದ್ದರೆ ಹತ್ತಿರದಲ್ಲೇ ಒಂದು ಗೂಡು ಇರಬಹುದು, ಮರಿಗಳು ಕಾಯುತ್ತಿರಬಹುದು.